ಊರಲ್ಲಿ ಗುಡ್ಡ ಜರಿದಾಗ ಇಲ್ಲಿ ಓದುತ್ತಿರುವ ಮಕ್ಕಳು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಫಾಲ್ ಸೆಮಿಸ್ಟರ್ ಶುರುವಾಗುವುದೂ ನಮ್ಮ ಕೊಡಗು, ಮಲೆನಾಡು, ಕರಾವಳಿಯಲ್ಲಿ ಮಳೆ ಮಿತಿ ಮೀರುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳು ಜರಿದವು. ಮರುವರ್ಷದ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆಯ ಊರೂರೇ ನೀರಲ್ಲಿ ನಿಂತವು. ಕೊಡಗಿನ ತೋರದಲ್ಲಿ ಮತ್ತೆ ಗುಡ್ಡ ಬಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರು, ಅದಾಗಿ ಎರಡು ವಾರಕ್ಕೆ ಗಡಿಯಾಚೆ ವಯನಾಡು. ಸೂಟ್‌ಕೇಸ್ ಬಿಚ್ಚಿ ಮುಗಿದಿರದ, ರೂಮ್‌ಮೇಟ್ ಹೆಸರನ್ನು ಸರಿಯಾಗಿ ಕರೆಯಲೂ ಬಾರದ ಹುಡುಗ ಹುಡುಗಿಯರಿಗೆ ಇಂಥ ಸುದ್ದಿ ಬಂದೆರಗುತ್ತದೆ.

ಇಂಥ ಹೊತ್ತಲ್ಲಿ ನಮ್ಮ ಕನ್ನಡ ಕೂಟಗಳಿಗೆ ಏನು ಮಾಡಬೇಕೆಂದು ಚೆನ್ನಾಗಿ ಗೊತ್ತು: ಹಣ ಕೂಡಿಸುವುದು. ಅದರಲ್ಲಿ ನಾವು ಪಳಗಿದವರು, ಆ ಕೆಲಸ ನಡೆಯಲೇಬೇಕು. ಆದರೆ ಆ ಕಾರ್ಯಕ್ರಮದ ವೇದಿಕೆಗೆ ಅದೇ ಊರಿನ ವಿದ್ಯಾರ್ಥಿಯನ್ನು ಹತ್ತಿಸಿ, "ನಿಮ್ಮ ಕಡೆ ಏನಾಯ್ತು, ಒಂದೆರಡು ಮಾತು ಹೇಳಮ್ಮ" ಎಂದು ಮೈಕ್ ಕೈಗಿಡುವ ಪದ್ಧತಿ ಇದೆಯಲ್ಲ, ಅದನ್ನು ನಿಲ್ಲಿಸೋಣ. ಮೈಕ್ ಹಿಡಿದ ಹುಡುಗಿಗೆ ಗಂಟಲು ಕಟ್ಟುತ್ತದೆ, ಸಭೆ ಕಣ್ಣೊರೆಸಿಕೊಳ್ಳುತ್ತದೆ, ಡಬ್ಬಿ ಬೇಗ ತುಂಬುತ್ತದೆ. ಊಟ ಮುಗಿದು ಎಲ್ಲರೂ ಕಾರು ಹತ್ತಿದ ಮೇಲೆ ಆ ಹುಡುಗಿ ಒಬ್ಬಳೇ ರೂಮಿಗೆ ಹೋಗಿ ಬೆಳಗಿನ ತನಕ ಏನು ಮಾಡುತ್ತಾಳೆಂದು ನಾವು ಯಾರೂ ಕೇಳಿದ್ದಿಲ್ಲ.

ದುರಂತ ಕಂಡವರನ್ನು ಕೂಡಲೇ ಕೂರಿಸಿ ಎಲ್ಲವನ್ನೂ ಹೇಳಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ಒಂದು ಕಾಲಕ್ಕೆ ತಜ್ಞರೇ ನಂಬಿದ್ದರು. ಪರೀಕ್ಷಿಸಿ ನೋಡಿದಾಗ ಒಂದೇ ಬಾರಿ ಹಾಗೆ ಹೇಳಿಸುವುದರಿಂದ ಪ್ರಯೋಜನ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಒತ್ತಾಯದಿಂದ ಬಾಯಿ ಬಿಡಿಸಬೇಡಿ ಎನ್ನುತ್ತದೆ. ನೋಡಿ, ಕೇಳಿಸಿಕೊಳ್ಳಿ, ಬೇಕಾದ ಕಡೆಗೆ ತಲುಪಿಸಿ, ಅಷ್ಟೇ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ, ಬಹುಶಃ ಪಾತ್ರೆ ತೊಳೆಯುವಾಗಲೋ ಕಾರಿನಲ್ಲಿ ಪಕ್ಕ ಕೂತಾಗಲೋ.

ಅಷ್ಟಕ್ಕೂ ದೂರದಲ್ಲಿರುವವರ ಸಂಕಟವೇ ಬೇರೆ ಬಗೆಯದು. ಊರಲ್ಲಿರುವವನಿಗೆ ಕೈತುಂಬ ಕೆಲಸವಿರುತ್ತದೆ: ಅಜ್ಜಿಯನ್ನು ಎತ್ತಿಕೊಂಡು ಹೋಗಬೇಕು, ದನ ಬಿಚ್ಚಬೇಕು, ಕಾಳಜಿ ಕೇಂದ್ರದಲ್ಲಿ ಜಾಗ ಹಿಡಿಯಬೇಕು. ಇಲ್ಲಿರುವವನ ಕೈಯಲ್ಲಿರುವುದು ಫೋನ್ ಒಂದೇ. ಅಮ್ಮನಿಗೆ ಕಳಿಸಿದ ಮೆಸೇಜಿಗೆ ಒಂದೇ ಟಿಕ್. ಕರೆಂಟ್ ಹೋಗಿರಬಹುದು, ಟವರ್ ಬಿದ್ದಿರಬಹುದು, ಇನ್ನೇನೋ ಆಗಿರಬಹುದು. ಆ ಒಂದು ಟಿಕ್ ಯಾವುದನ್ನೂ ಹೇಳುವುದಿಲ್ಲ. ಪೂರ್ವ ಕರಾವಳಿಯಲ್ಲಿ ರಾತ್ರಿ ಒಂಬತ್ತು ಹೊಡೆದಾಗ ಊರಲ್ಲಿ ಬೆಳಗಿನ ಆರೂವರೆ. ಇವರು ಮಲಗಬೇಕಾದ ಹೊತ್ತಿಗೇ ಅಲ್ಲಿನ ಸುದ್ದಿ ಶುರುವಾಗುತ್ತದೆ. ಮಡಿಕೇರಿಯಲ್ಲಿ ಮನೆ ಕುಸಿದ ವಿಡಿಯೊ 2018ರಲ್ಲಿ ಎಲ್ಲರ ಫೋನಿಗೂ ಬಂದಿತ್ತು. ನಮಗೆ ಅದು ಯಾರದೋ ಮನೆ, ಅವರಿಗೆ ದಾರಿಯಲ್ಲಿ ದಿನಾ ನೋಡಿದ ಮನೆ ಇರಬಹುದು.

ನೋಡುವುದೂ ನೋಯಿಸುತ್ತದೆ. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ದಾಳಿಯ ನಂತರ ನಡೆದ ಅಧ್ಯಯನವೊಂದರಲ್ಲಿ, ಆ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಸುದ್ದಿ ನೋಡಿದವರಲ್ಲಿ ಸ್ಥಳದಲ್ಲೇ ಇದ್ದವರಿಗಿಂತ ಹೆಚ್ಚಿನ ಒತ್ತಡದ ಲಕ್ಷಣ ಕಂಡುಬಂತು. "ಫೋನ್ ಬದಿಗಿಡು" ಎಂದು ಉಪದೇಶಿಸಿದರೆ ಯಾರೂ ಇಡುವುದಿಲ್ಲ, ನಾನಾದರೂ ಇಡುತ್ತಿರಲಿಲ್ಲ. ಆದರೆ "ನಿಮ್ಮ ಊರಿನ ಗ್ರೂಪ್ ನಾನು ನೋಡುತ್ತಿರುತ್ತೇನೆ, ಏನಾದರೂ ಬಂದರೆ ಎಬ್ಬಿಸುತ್ತೇನೆ, ಮೂರು ಗಂಟೆ ಮಲಗು" ಎಂದು ಪಕ್ಕದ ಸೋಫಾದಲ್ಲಿ ಕೂತರೆ ಮಲಗುತ್ತಾರೆ.

ಇನ್ನು ಮನೆಯವರ ಫೋನ್ ಬಂದರೂ ನೆಮ್ಮದಿಯಿಲ್ಲ. "ನಾವೆಲ್ಲ ಆರಾಮಿದ್ದೀವಿ, ನೀನು ಓದ್ಕೋ" ಎನ್ನುತ್ತಾರೆ ಅಪ್ಪ. ಹಿಂದುಗಡೆ ನೂರು ಜನರ ಗಲಾಟೆ ಕೇಳುತ್ತಿರುತ್ತದೆ. "ನಾನೂ ಚೆನ್ನಾಗಿದೀನಿ, ಊಟ ಆಯ್ತು" ಎನ್ನುತ್ತಾನೆ ಮಗ, ಎರಡು ದಿನದಿಂದ ನೆಟ್ಟಗೆ ಊಟ ಮಾಡದವನು. ಇಬ್ಬರಿಗೂ ಇನ್ನೊಬ್ಬರ ಸುಳ್ಳು ಗೊತ್ತು. ಜೊತೆಗೆ ದುಡ್ಡಿನ ಚಿಂತೆ. ಎಷ್ಟೋ ಮನೆಗಳಲ್ಲಿ ಶಿಕ್ಷಣ ಸಾಲಕ್ಕೆ ಅಡವಿಟ್ಟಿರುವುದು ಅದೇ ಮನೆ, ಅದೇ ಜಾಗ. ಮನೆ ಹೋದರೂ ಸಾಲ ಹೋಗುವುದಿಲ್ಲ. ಈ ಮಾತು ಆಡಿದರೆ ಸ್ವಾರ್ಥಿ ಅನ್ನಿಸಿಕೊಳ್ಳುತ್ತೇನೆಂದು ಅವರು ಬಾಯೇ ಬಿಡುವುದಿಲ್ಲ. ಹಿರಿಯರು ತಾವಾಗಿ ಕೇಳಬೇಕಾದ ಪ್ರಶ್ನೆ ಇದೊಂದಿದೆ: "ಫೀಸಿನ ಕಥೆ ಏನು?"

ತರಗತಿಯ ವಿಚಾರದಲ್ಲಿ ಒಂದು ಎಚ್ಚರಿಕೆ. ತಲೆಕೆಟ್ಟು ಕೋರ್ಸ್ ಬಿಟ್ಟುಬಿಡುವ ವಿದ್ಯಾರ್ಥಿಗಳಿದ್ದಾರೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವ ಪದವಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ಸೆಮಿಸ್ಟರಿಗೆ 12 ಕ್ರೆಡಿಟ್ ಇರಲೇಬೇಕು. ಅನುಮತಿಯಿಲ್ಲದೆ ಕೆಳಗಿಳಿದರೆ ವೀಸಾ ಸ್ಥಾನಮಾನಕ್ಕೇ ಕುತ್ತು. ಆದರೆ ವೈದ್ಯರು ಅಥವಾ ಪರವಾನಗಿಯುಳ್ಳ ಕ್ಲಿನಿಕಲ್ ಸೈಕಾಲಜಿಸ್ಟ್ ಪತ್ರ ಕೊಟ್ಟರೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯವರು ಹೊರೆ ಇಳಿಸಲು ಅನುಮತಿ ಕೊಡಬಹುದು. ಮೊದಲು ಅನುಮತಿ, ಆಮೇಲೆ ಕೋರ್ಸ್ ಬಿಡುವುದು. ಊರಿಗೆ ಓಡುವ ಮುನ್ನವೂ ಅದೇ ಕಚೇರಿ: ವಿಶ್ವವಿದ್ಯಾಲಯ ಕೊಡುವ ಐ-20 ದಾಖಲೆಯ ಮೇಲೆ ಪ್ರಯಾಣದ ಸಹಿ ಇದೆಯೇ, ವೀಸಾ ಮುದ್ರೆಯ ಅವಧಿ ಮುಗಿದಿಲ್ಲವೇ, ನೋಡಿಕೊಳ್ಳಬೇಕು. ನಿದ್ದೆಗೆಟ್ಟ ಹುಡುಗನಿಗೆ ಇದೆಲ್ಲ ಹೊಳೆಯುವುದಿಲ್ಲ. ಜೊತೆಗೊಬ್ಬರು ಹೋಗಿ ಕೂತರೆ ಅರ್ಧ ಕೆಲಸ ಆದಂತೆ.

ಕ್ಯಾಂಪಸ್‌ನ ಆಪ್ತಸಮಾಲೋಚನೆಗೆ ಹೋಗಲು ನಮ್ಮ ಮಕ್ಕಳು ಹಿಂಜರಿಯುತ್ತಾರೆ, "ನನಗೇನಾಗಿದೆ, ಆಗಿರುವುದು ಊರಲ್ಲಿರುವವರಿಗೆ" ಎಂದು. ಹೋಗಲಿ ಅನ್ನಿ. ಜೀವವೇ ಬೇಡ ಎನ್ನುವ ಮಾತು ಬಂದರೆ ಕಾಯಬಾರದು. ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಮೆಸೇಜನ್ನೂ ಕಳಿಸಬಹುದು. ಊರಿನಲ್ಲಿರುವ ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಮಗಳು ಅಮ್ಮನಿಗೆ ಕೊಡುವುದೂ ಒಂದು ಕೆಲಸವೇ. ಏನಾದರೂ ಮಾಡಿದೆ ಎಂಬ ಸಮಾಧಾನ ಅವಳಿಗೂ ಬೇಕು.

ನಾವು ಬೇಗ ಮರೆಯುತ್ತೇವೆ. ಡಿಸೆಂಬರ್ ರಜೆಗೆ ಹೋಗಿ ಮನೆ ಇದ್ದ ಜಾಗ ನೋಡಿ ಬಂದವರಿಗೆ, ಮುಂದಿನ ಜೂನ್‌ನಲ್ಲಿ ಊರಲ್ಲಿ ಮಳೆ ಹಿಡಿಯಿತೆಂದು ಕೇಳಿದವರಿಗೆ ಅದು ಮತ್ತೆ ಮೊದಲಿಂದ ಶುರು. ಆಗ ವೇದಿಕೆಯೂ ಇರುವುದಿಲ್ಲ, ಡಬ್ಬಿಯೂ ಇರುವುದಿಲ್ಲ.

ಹಾಗಾಗಿ ಈ ಸಲದ ರಾಜ್ಯೋತ್ಸವದ ನೋಂದಣಿ ಮೇಜಿನ ಮೇಲೆ ದೇಣಿಗೆ ಚೀಟಿಯ ಜೊತೆ ಇನ್ನೊಂದು ಪಟ್ಟಿ ಇಡುತ್ತಿದ್ದೇವೆ. ವಿದ್ಯಾರ್ಥಿಯೊಬ್ಬರನ್ನು ಒಂದು ವಾರ ಮನೆಯಲ್ಲಿರಿಸಿಕೊಳ್ಳಬಲ್ಲವರು, ಕಚೇರಿಗೋ ಏರ್‌ಪೋರ್ಟಿಗೋ ಕರೆದೊಯ್ಯಬಲ್ಲವರು ಹೆಸರು ಬರೆಯಿರಿ. ನಿಮಗೆ ಹತ್ತಿರದ ಕ್ಯಾಂಪಸ್ ಯಾವುದು, ರಾತ್ರಿ ಎಷ್ಟು ಹೊತ್ತಿನವರೆಗೆ ಫೋನ್ ಎತ್ತುತ್ತೀರಿ ಎನ್ನುವುದನ್ನೂ ತಪ್ಪದೆ ಬರೆಯಿರಿ.