ಮಗಳಿಗೊಂದು ಪತ್ರ: ಆ ಬಿರುಕು 'ಇಷ್ಟೇ ಇಷ್ಟು' ಅಂದರೆ ಎಷ್ಟು?

ಪ್ರೀತಿಯ ಪುಟ್ಟಿ,

ಗೋಡೆಯ ಬಿರುಕು ಎಷ್ಟು ಅಗಲ ಇದೆ ಅಂತ ನಿನ್ನೆ ಫೋನಿನಲ್ಲಿ ಕೇಳಿದೆ. "ಸಣ್ಣದು ಅಮ್ಮಾ, ಇಷ್ಟೇ ಇಷ್ಟು" ಅಂದೆ. ಬೆರಳಲ್ಲಿ ತೋರಿಸಿರಬೇಕು. ನನಗೆ ಕಾಣಬೇಕಲ್ಲ! ಕೂದಲೆಳೆಯಷ್ಟಿದ್ದರೆ ಒಂದು ಮಾತು, ಬೆರಳು ತೂರುವಷ್ಟಿದ್ದರೆ ಇನ್ನೊಂದು. ರಾತ್ರಿಯೆಲ್ಲ ಅದೇ ಯೋಚನೆ.

ಮನೆಯಲ್ಲಿ ಸ್ಕೇಲ್ ಇಲ್ಲ ಅಂದೆ. ಇದ್ದಿದ್ದರೂ ಇಲ್ಲಿ ಅದರ ಉಪಯೋಗ ಕಡಿಮೆ. ಅದರ ಗೆರೆಗಳೇ 1 ಮಿಲಿಮೀಟರ್ ದೂರದಲ್ಲಿರುತ್ತವೆ. ಅದಕ್ಕಿಂತ ಕಿರಿದಾದದ್ದಕ್ಕೆ ಕಣ್ಣಂದಾಜೇ ಗತಿ.

ಪರ್ಸಿನಿಂದ ಎಟಿಎಂ ಕಾರ್ಡ್ ತೆಗಿ. ಯಾವ ಬ್ಯಾಂಕಿನದ್ದಾದರೂ ಅಳತೆ ಒಂದೇ: ಉದ್ದ 85.6 ಮಿಲಿಮೀಟರ್, ಅಗಲ ಸುಮಾರು 54, ದಪ್ಪ 0.76. ಅದರ ಅಂಚನ್ನು ಬಿರುಕಿಗೆ ಮೆಲ್ಲಗೆ ತಾಗಿಸು. ಒತ್ತಬೇಡ. ತಾನಾಗಿ ಒಳಗೆ ಹೋದರೆ ಬಿರುಕು ಮುಕ್ಕಾಲು ಮಿಲಿಮೀಟರ್‌ಗಿಂತ ಜಾಸ್ತಿ ಇದೆ ಅಂತ ತಿಳಿ.

ಹೋಗದಿದ್ದರೆ ಪ್ರಿಂಟರ್ ಹಾಳೆ ತಗೋ. 500 ಹಾಳೆಯ ಕಟ್ಟು ಸುಮಾರು 5 ಸೆಂಟಿಮೀಟರ್ ಎತ್ತರ ಇರುತ್ತದೆ, ಅಲ್ವಾ? ಭಾಗಿಸಿದರೆ ಒಂದು ಹಾಳೆಗೆ 0.1 ಮಿಲಿಮೀಟರ್. ಒಂದೊಂದಾಗಿ ಅಳೆಯಲಾಗದ್ದನ್ನು ಗುಂಪಾಗಿ ಅಳೆದು ಹಂಚುವುದು ನನಗೆ ಮೊದಲಿನಿಂದಲೂ ತುಂಬಾ ಇಷ್ಟ. ಚಿಕ್ಕವಳಿದ್ದಾಗ ಪೆನ್ಸಿಲ್‌ಗೆ ಹೊಲಿಗೆ ದಾರ ಸುತ್ತಿದ್ದು ನೆನಪಿದೆಯಾ? ಸುತ್ತು ಸುತ್ತಿನ ನಡುವೆ ಸಂದು ಬಿಡದ ಹಾಗೆ ಉಗುರಿನಿಂದ ಒತ್ತುತ್ತಾ, ನಾಲಿಗೆ ಕಚ್ಚಿಕೊಂಡು, 40 ಸುತ್ತು ಸುತ್ತಿದ್ದೆ. ಎಲ್ಲ ಸೇರಿ 1 ಸೆಂಟಿಮೀಟರ್ ಆಯಿತು. ದಾರದ ದಪ್ಪ ಕಾಲು ಮಿಲಿಮೀಟರ್ ಅಂತ ನೀನೇ ಲೆಕ್ಕ ಹಾಕಿ ಕೂಗಿದ್ದೆ. ಆವತ್ತಿನ ನಿನ್ನ ಮುಖ ಈಗಲೂ ಕಣ್ಣ ಮುಂದಿದೆ.

ಹಾಳೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸು. ಮಡಿಸಬೇಡ, ಮಡಿಕೆ ಉಬ್ಬಿಕೊಂಡು ಲೆಕ್ಕ ತಪ್ಪುತ್ತದೆ. ಒಂದು ಪಟ್ಟಿ ಸಲೀಸಾಗಿ ಹೋಯಿತಾ? ಎರಡು ಜೋಡಿಸು. ಆಮೇಲೆ ಮೂರು. ಬಿಗಿಯಾದ ಕಡೆ ನಿಲ್ಲಿಸು. ನಾಲ್ಕು ಪಟ್ಟಿ ಹಿಡಿದರೆ 0.4 ಮಿಲಿಮೀಟರ್. ಒಂದು ಕಡೆ ನೋಡಿದರೆ ಸಾಲದು, ಬಿರುಕು ಎಲ್ಲಿ ಜಾಸ್ತಿ ಬಾಯಿ ಬಿಟ್ಟಿದೆಯೋ ಅಲ್ಲಿ ನೋಡು.

ಉದ್ದಕ್ಕೆ ಎ4 ಹಾಳೆ ಸಾಕು. ದೊಡ್ಡ ಅಂಚು 29.7 ಸೆಂಟಿಮೀಟರ್, ಚಿಕ್ಕದು 21. ಗೇಣು ಹಾಕಬೇಡ. ಕೈ ಪ್ರತಿ ಸಲ ಒಂದೇ ಥರ ಚಾಚುವುದಿಲ್ಲ. ಆದರೆ ಉಗುರು ನಂಬಿಕಸ್ಥ. ನನ್ನ ಕಿರುಬೆರಳಿನ ಉಗುರಿನ ಅಗಲ ಸರಿಯಾಗಿ 1 ಸೆಂಟಿಮೀಟರ್. ನಿನ್ನದು ಎಷ್ಟು ಅಂತ ಕಾರ್ಡಿನ ಅಗಲದ ಮೇಲೆ ಸಾಲಾಗಿ ಇಟ್ಟು ಕಂಡುಕೋ, ಮುಂದೆ ಬೇಕಾಗುತ್ತದೆ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು, ಪಟ್ಟಿಗಳ ಲೆಕ್ಕ ಬರೆದಿಡು. ಪಟ್ಟಿ ಇಟ್ಟು ನೋಡಿದ ಜಾಗಕ್ಕೂ ಗುರುತು ಹಾಕು. ತಿಂಗಳು ಬಿಟ್ಟು ಅಲ್ಲೇ, ಅದೇ ಪಟ್ಟಿಗಳಲ್ಲಿ ಮತ್ತೆ ನೋಡು. ಈಗ ಎಷ್ಟು ಅಗಲ ಇದೆ ಅನ್ನುವುದಕ್ಕಿಂತ ಅದು ಬೆಳೆಯುತ್ತಿದೆಯಾ ಅನ್ನುವುದೇ ನನ್ನ ಚಿಂತೆ. ಬೆಳೆದಿದ್ದರೆ ತಡ ಮಾಡದೆ ಇಂಜಿನಿಯರ್‌ಗೆ ತೋರಿಸೋಣ.

ಇವತ್ತು ಸಂಜೆಯೇ ನೋಡು. ಎಷ್ಟು ಪಟ್ಟಿ ಹಿಡಿಯಿತು ಅಂತ ರಾತ್ರಿ ಫೋನ್ ಮಾಡಿ ಹೇಳು.

ನಿನ್ನ
ಅಮ್ಮ