ಸಹಾಯ ಕೇಳಿ ಬಂದವನ ಕೈಗೆ ಟಿಸಿ ಕೊಡಬೇಡಿ

ಮಾನ್ಯ ಸಂಪಾದಕರೇ,

ಜೂನ್ 26 ಬಂತೆಂದರೆ ಕಾಲೇಜುಗಳಲ್ಲಿ ಏನೇನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಮಾದಕ ವಸ್ತು ವಿರೋಧಿ ದಿನ. ಎನ್‌ಎಸ್‌ಎಸ್ ಮಕ್ಕಳ ಕೈಯಲ್ಲಿ ಬ್ಯಾನರ್, ಒಂದು ಜಾಥಾ, ಪೊಲೀಸ್ ಅಧಿಕಾರಿಯ ಭಾಷಣ, ಎಲ್ಲರೂ ಎದ್ದು ನಿಂತು ಕೈ ಚಾಚಿ ಪ್ರತಿಜ್ಞೆ, ಆಮೇಲೆ ವಾಟ್ಸಾಪ್ ಗ್ರೂಪಿಗೆ ಫೋಟೊ. ಬೇಡ ಅನ್ನುತ್ತಿಲ್ಲ, ಮಾಡಲಿ. ಆದರೆ ಆಗಲೇ ಚಟಕ್ಕೆ ಬಿದ್ದು ಬಿಡಲಾಗದೆ ಒದ್ದಾಡುತ್ತಿರುವ ಹುಡುಗನೊಬ್ಬ ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕೂತಿರುತ್ತಾನಲ್ಲ, ಅವನು ನಾಳೆ ಬೆಳಿಗ್ಗೆ ಯಾರ ಹತ್ತಿರ ಹೋಗಬೇಕು? ಹೋದರೆ ಅವನ ಗತಿ ಏನು? ಇದನ್ನು ಒಂದು ಭಾಷಣದಲ್ಲೂ ನಾನು ಕೇಳಿಲ್ಲ.

ನಾನು ಧಾರವಾಡದಲ್ಲಿ ಉಪನ್ಯಾಸಕ. ಕೆಲವು ವರ್ಷ ಹಾಸ್ಟೆಲ್ ವಾರ್ಡನ್ ಆಗಿಯೂ ಇದ್ದೆ. ಒಂದು ರಾತ್ರಿ ವಾಚ್‌ಮನ್ ಬಂದು ಎಬ್ಬಿಸಿದ. ಹೋಗಿ ನೋಡಿದರೆ ರೂಮಿನ ಬಾಗಿಲಿಗೆ ಒಳಗಿಂದ ಚಿಲಕ, ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ದಾರೆ. ಎರಡನೇ ವರ್ಷದ ಹುಡುಗ ವಿಪರೀತ ಕುಡಿದು ಎಚ್ಚರ ತಪ್ಪಿದ್ದ. ಗೆಳೆಯರು ಅವನನ್ನು ಅಂಗಾತ ಮಲಗಿಸಿ, ಒಬ್ಬ ತಲೆ ಹಿಡಿದುಕೊಂಡು, ಇನ್ನೊಬ್ಬ ಲೋಟದಲ್ಲಿ ನಿಂಬೆಹಣ್ಣಿನ ನೀರು ಕುಡಿಸಲು ನೋಡುತ್ತಿದ್ದ. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಅಂಗಾತ ಮಲಗಿಸಿದರೆ ವಾಂತಿ ಉಸಿರುನಾಳಕ್ಕೆ ಇಳಿದು ಜೀವವೇ ಹೋಗಬಹುದು. ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನ್ ಮಾಡಬೇಕು, ಅಷ್ಟೇ. ಯಾಕ್ರೋ ಫೋನ್ ಮಾಡಲಿಲ್ಲ ಅಂದೆ. "ಆಂಬುಲೆನ್ಸ್ ಬಂದ್ರ ಗೇಟ್‌ನಾಗ ಎಂಟ್ರಿ ಆಗತ್ತಲ್ರೀ ಸರ್. ಆಮ್ಯಾಲೆ ನಮ್ಮನ್ನೂ ಹೊರಗ ಹಾಕ್ತಾರ್ರೀ" ಅಂದ ಒಬ್ಬ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಸ್ಟೆಲ್ ನಿಯಮದಲ್ಲಿ ಹಾಗೇ ಬರೆದಿತ್ತು, ಮದ್ಯ ಅಥವಾ ಮಾದಕ ವಸ್ತು ಕಂಡರೆ ರೂಮಿನಲ್ಲಿದ್ದ ಎಲ್ಲರನ್ನೂ ತೆಗೆಯಲಾಗುವುದು ಅಂತ. ಅಂದರೆ ಗೆಳೆಯನ ಜೀವ ಉಳಿಸಲು ಹೊರಟವನು ಮೊದಲು ತನ್ನ ಸೀಟು ಉಳಿಯುತ್ತದಾ ಅಂತ ಲೆಕ್ಕ ಹಾಕಬೇಕು. ಪುಣ್ಯಕ್ಕೆ ಅವರಲ್ಲೊಬ್ಬ ಹೆದರಿಕೊಂಡೇ ವಾಚ್‌ಮನ್ ಹತ್ತಿರ ಓಡಿದ್ದ. ಹುಡುಗ ಉಳಿದ.

ಈ ಹೆದರಿಕೆ ಇರುವವರೆಗೆ ಸಿಸಿಟಿವಿ ಹಾಕಿ, ಬ್ಯಾಗ್ ತಪಾಸಣೆ ಮಾಡಿ, ಕಮಿಟಿ ಮಾಡಿ, ಎಲ್ಲವೂ ಬಾಗಿಲ ಹೊರಗೇ ನಿಲ್ಲುತ್ತವೆ.

ವಿಚಿತ್ರ ಏನಂದರೆ ನಮ್ಮ ಕಾಲೇಜುಗಳಿಗಿಂತ ಕಾನೂನಿಗೇ ಕರುಣೆ ಜಾಸ್ತಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಅಂದರೆ ಬರೀ ಜೈಲು ಅಂತ ನಾವೆಲ್ಲ ತಿಳಿದಿದ್ದೇವೆ. ಆ ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಸೇವನೆಯ ಕೇಸು, ಇಲ್ಲವೇ ಸಣ್ಣ ಪ್ರಮಾಣದ ಕೇಸು ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ವಾಪಸ್ ಪಡೆಯಬಹುದು, ಅದೂ ಸರಿಯೇ. ಇದನ್ನು ಜಾಗೃತಿ ಕಾರ್ಯಕ್ರಮಗಳಲ್ಲಿ ಯಾರೂ ಹೇಳುವುದಿಲ್ಲ. ಎಷ್ಟು ವರ್ಷ ಶಿಕ್ಷೆ ಅನ್ನುವುದನ್ನು ಮಾತ್ರ ಜೋರಾಗಿ ಹೇಳುತ್ತಾರೆ.

ಹಾಗಾದರೆ ಸಡಿಲ ಬಿಡಬೇಕಾ ಅಂತ ಕೇಳುವವರಿದ್ದಾರೆ, ಸ್ಟಾಫ್ ರೂಮಿನಲ್ಲೇ ಕೇಳಿದ್ದಾರೆ. ಮಾರುವವನನ್ನು ಪೊಲೀಸರಿಗೇ ಕೊಡಿ, ಅದರಲ್ಲಿ ಎರಡು ಮಾತಿಲ್ಲ. ಜೂನಿಯರ್ ಹುಡುಗನಿಗೆ ಬಲವಂತವಾಗಿ ಕುಡಿಸಿದ ಸೀನಿಯರ್ ಮೇಲೆ ರ‍್ಯಾಗಿಂಗ್ ಕ್ರಮ ತೆಗೆದುಕೊಳ್ಳಿ. ಆದರೆ ಮಾರುವವನಿಗೂ ಚಟ ಬಿಡಬೇಕು ಅಂತ ತಾನೇ ಬಂದು ಬಾಯಿಬಿಟ್ಟವನಿಗೂ ಒಂದೇ ಟಿಸಿ ಅಂದರೆ ಯಾವ ನ್ಯಾಯ? ಟಿಸಿ ಕೊಟ್ಟು ಕಳಿಸಿದ ಹುಡುಗ ಊರಿಗೆ ಹೋಗಿ ಚಟ ಬಿಡುತ್ತಾನೆ ಅಂತ ಯಾರಾದರೂ ನಂಬಿದ್ದೀರಾ? ಕಾಲೇಜಿನ ಹೆಸರು ಉಳಿಯಿತು, ಅಷ್ಟೇ.

ಈಗ ಇನ್ನೊಂದು ಉಪಾಯ ಕೇಳಿಬರುತ್ತಿದೆ, ದಿಢೀರ್ ಮೂತ್ರ ಪರೀಕ್ಷೆ. ದಿನಾ ಗಾಂಜಾ ಸೇದುವವನ ಮೂತ್ರದಲ್ಲಿ ಅದು ವಾರಗಟ್ಟಲೆ ಸಿಗುತ್ತದೆ, ನಿಜ. ಆದರೆ ಅಂಥ ಕಿಟ್ ತಾನು ಹುಡುಕುವ ಕೆಲವು ವಸ್ತುಗಳನ್ನಷ್ಟೇ ತೋರಿಸುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ನೋವಿನ ಮಾತ್ರೆ, ನಶೆಗಾಗಿ ಮೂಸುವ ಪಂಕ್ಚರ್ ಸಲ್ಯೂಷನ್, ವೈಟ್ನರ್ ಇವೆಲ್ಲ ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ. ಹುಡುಗರು ದಡ್ಡರಲ್ಲ, ಕಿಟ್‌ಗೆ ಸಿಗದ್ದರ ಕಡೆ ಹೊರಳುತ್ತಾರೆ. ಪರೀಕ್ಷೆ ಮಾಡುವುದಿದ್ದರೆ ಡಾಕ್ಟರ್ ಮಾಡಲಿ, ಚಿಕಿತ್ಸೆಗೆ ಮಾಡಲಿ. ಪಿ.ಟಿ. ಮೇಷ್ಟ್ರು ಬಾತ್‌ರೂಮಿನ ಹೊರಗೆ ಡಬ್ಬಿ ಹಿಡಿದು ನಿಲ್ಲುವುದು ಬೇಡ.

ಇಷ್ಟೆಲ್ಲ ಉಪಾಯ ಹುಡುಕುವವರಿಗೆ ಗೇಟಿನ ಎದುರಿನ ಗೂಡಂಗಡಿ ಮಾತ್ರ ಕಾಣುವುದಿಲ್ಲ. ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕೇಂದ್ರ ಕಾಯ್ದೆಯೇ ಹೇಳುತ್ತದೆ. ಹಾಗೆಂದು ಬರೆದ ಬೋರ್ಡನ್ನು ನಮ್ಮ ಕಾಂಪೌಂಡಿಗೂ ಹಾಕಿದ್ದಾರೆ. ಆ ಬೋರ್ಡಿನ ನೆರಳಲ್ಲೇ ಬಿಡಿ ಸಿಗರೇಟು ಮಾರುತ್ತಾರೆ. ಸಂಜೆ ಅಲ್ಲಿ ಚಹಾ ಕುಡಿಯುವವರಲ್ಲಿ ನಮ್ಮ ಸಹೋದ್ಯೋಗಿಗಳೂ ಇರುತ್ತಾರೆ, ಹೆಸರು ಬೇಡ.

ಸಹಾಯ ಸಿಗದ ಊರು ನಮ್ಮದಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಸಿಟಿ ಬಸ್ಸಲ್ಲಿ ಹೋಗಿ ಬರಬಹುದು. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ 14416 ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೇ ಅಂತ 14446 ಇದೆ. ಈ ನಂಬರ್‌ಗಳನ್ನು ಪ್ರಿನ್ಸಿಪಾಲರ ಚೇಂಬರ್ ಎದುರಿನ ನೋಟಿಸ್ ಬೋರ್ಡಿಗೆ ಹಚ್ಚಿದರೆ ಯಾವ ಹುಡುಗ ಅಲ್ಲಿ ನಿಂತು ಬರೆದುಕೊಳ್ಳುತ್ತಾನೆ? ಹಾಸ್ಟೆಲ್ ಟಾಯ್ಲೆಟ್ ಬಾಗಿಲ ಒಳಭಾಗಕ್ಕೆ ಹಚ್ಚಿ, ಹುಡುಗಿಯರ ಹಾಸ್ಟೆಲ್‌ನಲ್ಲೂ ಹಚ್ಚಿ. ಅವರಿಗೆ ಈ ತೊಂದರೆಯೇ ಇಲ್ಲ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ.

ನಾನು ಕೇಳುವುದು ಇಷ್ಟೇ. ರ‍್ಯಾಗಿಂಗ್ ಮಾಡುವುದಿಲ್ಲ ಅಂತ ಪ್ರತಿ ವರ್ಷ ಮಕ್ಕಳಿಂದ, ಪಾಲಕರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತೀರಲ್ಲ, ಈ ಸಲ ಕಾಲೇಜೂ ಒಂದು ಬರೆದುಕೊಡಲಿ. ತಾನಾಗಿ ಸಹಾಯ ಕೇಳಿ ಬಂದವರನ್ನು, ಆಪತ್ತಿನಲ್ಲಿರುವ ಗೆಳೆಯನಿಗಾಗಿ ಫೋನ್ ಮಾಡಿದವರನ್ನು ಅದೇ ಕಾರಣಕ್ಕೆ ಕಾಲೇಜಿನಿಂದ, ಹಾಸ್ಟೆಲ್‌ನಿಂದ ತೆಗೆಯುವುದಿಲ್ಲ ಅಂತ, ಪ್ರಿನ್ಸಿಪಾಲರ ಸಹಿ ಹಾಕಿ. ನಮ್ಮಲ್ಲಿ ಪ್ರವೇಶದ ಕೈಪಿಡಿ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ. ಯೂನಿಫಾರ್ಮ್ ಬಣ್ಣಕ್ಕೆ ಅರ್ಧ ಪುಟ ಕೊಟ್ಟಿದ್ದಾರೆ, ಈ ಎರಡು ಸಾಲಿಗೂ ಜಾಗ ಮಾಡಬಹುದು.

ಇತಿ,
ಒಬ್ಬ ಉಪನ್ಯಾಸಕ, ಧಾರವಾಡ