ಫೋನ್ ರಿಂಗಾಗುತ್ತದೆ, ಎತ್ತುವವರು ಯಾರು?

ಮಾನ್ಯ ಸಂಪಾದಕರೇ,

ಶ್ರಾವಣ ಹಿಡಿದು ದೀಪಾವಳಿ ಮುಗಿಯುವ ತನಕ ಮುಂಬಯಿಯಲ್ಲಿ ನಮ್ಮ ಕನ್ನಡಿಗರ ಹೋಟೆಲುಗಳಿಗೂ ಕೇಟರಿಂಗ್ ನಡೆಸುವವರಿಗೂ ಬಿಡುವಿಲ್ಲದ ಕಾಲ. ಸತ್ಯನಾರಾಯಣ ಪೂಜೆ, ಗಣಪತಿ, ನವರಾತ್ರಿ ಎಂದು ಊಟದ ಆರ್ಡರುಗಳು ಬರುವ ಈ ದಿನಗಳಲ್ಲೇ ಗೂಗಲ್, ಫೇಸ್‌ಬುಕ್ ಜಾಹೀರಾತಿಗೂ ಹೆಚ್ಚು ದುಡ್ಡು ಹೋಗುತ್ತದೆ. ಆಮೇಲೆ ಸಂಘದ ಸಭೆಗಳಲ್ಲಿ, ಮದುವೆಯ ಪಂಕ್ತಿಯಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ‘ಆನ್‌ಲೈನ್ ಜಾಹೀರಾತಿಗೆ ಹಾಕಿದ್ದೆಲ್ಲ ನೀರುಪಾಲು’ ಎಂಬುದು ಒಂದು. ‘ಈಗಿನ ಹುಡುಗರಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ’ ಎಂಬುದು ಇನ್ನೊಂದು. ಇವೆರಡರ ಬೇರೂ ಒಂದೇ ಎಂದು ನಾನು ಬಲವಾಗಿ ನಂಬಿದ್ದೇನೆ. ಜಾಹೀರಾತನ್ನು ಏಜೆನ್ಸಿಗೆ, ಫೋನನ್ನು ಗಲ್ಲಾದ ಹುಡುಗನಿಗೆ ಒಪ್ಪಿಸಿದ ಮಾಲೀಕರು ಮತ್ತೆ ಎರಡರ ಕಡೆಗೂ ತಿರುಗಿ ನೋಡುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಗೂಗಲ್ ಜಾಹೀರಾತಿಗೆ ದಿನಕ್ಕೆ 300 ರೂಪಾಯಿ ಬಜೆಟ್ ಇಟ್ಟರೆ, ಹುಡುಕುವವರು ಹೆಚ್ಚಿರುವ ದಿನ ಅದರ ದುಪ್ಪಟ್ಟು, ಅಂದರೆ 600ರವರೆಗೂ ಖರ್ಚಾಗಬಹುದು. ತಿಂಗಳ ಮಿತಿ ಮಾತ್ರ 30.4 ದಿನಗಳ ಲೆಕ್ಕದಲ್ಲಿ 9,120 ರೂಪಾಯಿ. ಇದರ ಮೇಲೆ 18% ಜಿಎಸ್‌ಟಿ ಸೇರಿ ಒಟ್ಟು ಸುಮಾರು 10,760. ಬೇರೆ ಎಷ್ಟೋ ವ್ಯಾಪಾರಿಗಳು ಈ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು, ವಾಪಸು ಪಡೆಯುತ್ತಾರೆ. 5% ದರದಲ್ಲಿ ಬಿಲ್ ಮಾಡುವ ಹೋಟೆಲಿನವರಿಗೂ ಕೇಟರಿಂಗ್‌ನವರಿಗೂ ಆ ಕ್ರೆಡಿಟ್ ಇಲ್ಲ. ಹಾಗಾಗಿ ಏಜೆನ್ಸಿಯ ವರದಿಯಲ್ಲಿ 9,120 ಎಂದಿದ್ದರೂ ನಿಮ್ಮ ಪುಸ್ತಕದಲ್ಲಿ ಬರೆಯಬೇಕಾದ್ದು 10,760. ಏಜೆನ್ಸಿಯ ಫೀ ಬೇರೆ.

ಈ ಖರ್ಚಿಗೆ ತಿಂಗಳಲ್ಲಿ 60 ಕರೆ ಬಂದವು ಎಂದು ಇಟ್ಟುಕೊಳ್ಳಿ. ಒಂದು ಕರೆಗೆ 179 ರೂಪಾಯಿ ಬಿತ್ತು. ಅದರಲ್ಲಿ 15 ಕರೆ ಯಾರೂ ಎತ್ತಲಿಲ್ಲ. ಎತ್ತಿದ 45ರಲ್ಲಿ 6 ಆರ್ಡರ್ ಆಯಿತು. ಅಲ್ಲಿಗೆ ಆರ್ಡರ್ ಒಂದಕ್ಕೆ ಜಾಹೀರಾತಿನ ಖರ್ಚು ಸುಮಾರು 1,793. ಪೂಜೆಯ ಊಟ 40 ಜನಕ್ಕೆ, ತಲೆಗೆ 250ರಂತೆ ಬಿಲ್ 10,000. ಸಾಮಾನು, ಗ್ಯಾಸು, ಕೂಲಿ, ಟೆಂಪೊ ಎಲ್ಲ ಕಳೆದು 15% ಉಳಿದರೆ 1,500. ಪ್ರತಿ ಆರ್ಡರಿಗೆ 293 ರೂಪಾಯಿ ಕೈಯಿಂದ ಹೋಯಿತು. ಅದೇ 60 ಕರೆಯನ್ನೂ ಎತ್ತಿ, ಅದೇ ಪ್ರಮಾಣದಲ್ಲಿ 8 ಆರ್ಡರ್ ಆಗಿದ್ದರೆ ಆರ್ಡರಿನ ಖರ್ಚು 1,345ಕ್ಕೆ ಇಳಿದು 155 ಉಳಿಯುತ್ತಿತ್ತು. ಜಾಹೀರಾತು ಒಂದೇ, ಅಡುಗೆ ಒಂದೇ, ದರ ಒಂದೇ. ನಷ್ಟವಿದ್ದದ್ದು ಲಾಭವಾದದ್ದು ಹದಿನೈದು ಕರೆಗಳಿಂದ.

ಆ ಹದಿನೈದು ಕರೆ ಏಕೆ ತಪ್ಪುತ್ತವೆ? ಆಫೀಸಿನವರು ಮನೆಯ ಕಾರ್ಯಕ್ರಮಕ್ಕೆ ವಿಚಾರಿಸುವುದು ತಮ್ಮ ಊಟದ ವಿರಾಮದಲ್ಲಿ, ಮಧ್ಯಾಹ್ನ ಒಂದರಿಂದ ಎರಡರೊಳಗೆ. ಹೋಟೆಲಿನಲ್ಲಿ ಅದೇ ನೂಕುನುಗ್ಗಲಿನ ಹೊತ್ತು. ಗಲ್ಲಾದವನ ಒಂದು ಕೈ ಬಿಲ್ಲಿನ ಮೇಲೆ, ಎದುರಿಗೆ ಡೆಲಿವರಿ ಆ್ಯಪ್‌ನ ಟ್ಯಾಬ್ ಕೂಗುತ್ತಿದೆ, ಪಾರ್ಸೆಲ್‌ನವರು ನಿಂತಿದ್ದಾರೆ. ಫೋನ್ ಎತ್ತಿದರೂ ‘ಧಣಿ ಇಲ್ಲ, ಸಂಜೆ ಮಾಡಿ’ ಎನ್ನುತ್ತಾನೆ, ಏಕೆಂದರೆ ದರ ಹೇಳುವ ಅಧಿಕಾರ ಅವನಿಗೆ ಯಾರೂ ಕೊಟ್ಟಿಲ್ಲ. ಗಿರಾಕಿ ಸಂಜೆಯವರೆಗೆ ಕಾಯುವುದಿಲ್ಲ. ಪಟ್ಟಿಯಲ್ಲಿ ನಿಮ್ಮ ಕೆಳಗಿರುವ ಹೆಸರನ್ನು ಒತ್ತುತ್ತಾನೆ. ಇದನ್ನು ಹುಡುಗನ ಅಸಡ್ಡೆ ಎನ್ನುವುದು ಅನ್ಯಾಯ. ಕುಂದಾಪುರ, ಕಾರ್ಕಳದ ಕಡೆಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಮೇಲೆ ಬಂದ ಊರು ಇದು. ಈಗ ಆ ಜಾಗದಲ್ಲಿ ನಿಂತಿರುವವನು ಒಡಿಶಾದವನೋ ನೇಪಾಳದವನೋ ಇರಬಹುದು. ಅವನಿಗೂ ಹೇಳಿಕೊಟ್ಟರೆ ಬರುತ್ತದೆ.

ಮಾಡಬೇಕಾದ್ದು ಇಷ್ಟು. ಜಾಹೀರಾತಿನಲ್ಲಿ ಕೊಡುವ ನಂಬರು ಬೇರೆಯೇ ಇರಲಿ, ಮಾಲೀಕರ ಸ್ವಂತ ನಂಬರು ಬೇಡ. ಆ ಫೋನು ಹನ್ನೆರಡೂವರೆಯಿಂದ ಮೂರರವರೆಗೆ ಗಲ್ಲಾದಿಂದ ದೂರ, ಒಬ್ಬನದೇ ಜವಾಬ್ದಾರಿಯಲ್ಲಿ ಇರಲಿ. ತಪ್ಪಿದ ಕರೆಗೆ ಹತ್ತು ನಿಮಿಷದೊಳಗೆ ತಿರುಗಿ ಫೋನ್ ಮಾಡಬೇಕು. ಒಂದು ಗಂಟೆ ಬಿಟ್ಟು ಮಾಡಿದರೆ ಆರ್ಡರು ಹೆಚ್ಚಾಗಿ ಬೇರೆಯವರ ಪಾಲಾಗಿರುತ್ತದೆ. ಪಕ್ಕದಲ್ಲಿ ಒಂದು ರಿಜಿಸ್ಟರ್ ಬೇಕು. ಕರೆ ಬಂದ ದಿನ, ಹೆಸರು, ಕಾರ್ಯಕ್ರಮದ ತಾರೀಖು, ಎಷ್ಟು ಎಲೆ, ಬಡಿಸಲು ಜನ ಬೇಕೋ ಪಾರ್ಸೆಲ್ ಸಾಕೋ, ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೋ ಇಲ್ಲವೋ, ಎಷ್ಟನೇ ಮಹಡಿ, ಪಾತ್ರೆ ಒಯ್ಯಲು ಲಿಫ್ಟ್ ಇದೆಯೋ, ಸೊಸೈಟಿಯಲ್ಲಿ ಟೆಂಪೊ ನಿಲ್ಲಿಸಲು ಬಿಡುತ್ತಾರೋ, ಕೊನೆಗೆ ‘ನಮ್ಮ ನಂಬರು ಎಲ್ಲಿ ಸಿಕ್ಕಿತು?’ ಎಂಬ ಪ್ರಶ್ನೆಯ ಉತ್ತರ. ಈ ಕೊನೆಯ ಕಾಲಂ ಇಲ್ಲದ ರಿಜಿಸ್ಟರ್‌ನಿಂದ ಜಾಹೀರಾತಿನ ಲೆಕ್ಕ ಹಾಕಲು ಬರುವುದಿಲ್ಲ. ಜೊತೆಗೆ 25, 50, 100 ಎಲೆಗಳ ದರಪಟ್ಟಿ ಲ್ಯಾಮಿನೇಟ್ ಮಾಡಿ ಅವನ ಕೈಗೆ ಕೊಡಿ. ಎಷ್ಟು ಇಳಿಸಬಹುದು, ಮುಂಗಡ ಎಷ್ಟು ಎಂಬುದೂ ಅದರಲ್ಲಿರಲಿ. ಕರೆಗಳು ಮರಾಠಿ, ಹಿಂದಿ, ಗುಜರಾತಿಯಲ್ಲಿ ಬರುತ್ತವೆ. ಮರಾಠಿಯಲ್ಲಿ ನಾಲ್ಕು ವಾಕ್ಯ ಸರಿಯಾಗಿ ಆಡಬಲ್ಲವನನ್ನೇ ಫೋನಿಗೆ ಕೂರಿಸಿ.

ಫೋನ್ ಎತ್ತಲು ಆಗದ ಹೊತ್ತಿನಲ್ಲಿ ಜಾಹೀರಾತನ್ನು ನಿಲ್ಲಿಸಿಡುವುದೂ ಒಂದು ದಾರಿ. ಗೂಗಲ್‌ನಲ್ಲಿ ‘ಆ್ಯಡ್ ಶೆಡ್ಯೂಲ್’ (ಜಾಹೀರಾತಿನ ವೇಳಾಪಟ್ಟಿ) ಮುಟ್ಟದಿದ್ದರೆ ಜಾಹೀರಾತು ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ. ರಾತ್ರಿ ಹನ್ನೊಂದಕ್ಕೆ ಕ್ಲಿಕ್ ಆದರೂ ದುಡ್ಡು ಹೋಗುತ್ತದೆ.

ಇನ್ನು ಸೆಟ್ಟಿಂಗ್‌ಗಳು. ಇಲ್ಲಿ ಸೋರಿಕೆ ಎಷ್ಟಿದೆ ಎಂಬುದು ಬಿಲ್ ಕಟ್ಟುವವರಿಗೆ ಕಾಣುವುದೇ ಇಲ್ಲ. ಸ್ಥಳದ ಆಯ್ಕೆಯಲ್ಲಿ ಗೂಗಲ್ ತಾನಾಗಿ ಇಟ್ಟಿರುವುದು ‘ಪ್ರೆಸೆನ್ಸ್ ಆರ್ ಇಂಟರೆಸ್ಟ್’. ಅಂದರೆ ಮುಂಬಯಿಯ ಮುಲುಂಡ್‌ನಲ್ಲಿ ಇರುವವರಿಗಷ್ಟೇ ಅಲ್ಲದೆ, ದೆಹಲಿಯಲ್ಲಿ ಕೂತು ಮುಲುಂಡ್ ಬಗ್ಗೆ ಹುಡುಕಿದವರಿಗೂ ಜಾಹೀರಾತು ತೋರಿಸುತ್ತದೆ. ಇದನ್ನು ‘ಪ್ರೆಸೆನ್ಸ್’ ಮಾತ್ರ ಎಂದು ಬದಲಿಸಬೇಕು. ಮುಂಬಯಿಯಲ್ಲಿ ನಕ್ಷೆಯ ಮೇಲೆ ವೃತ್ತ ಎಳೆಯುವುದೂ ಅಪಾಯವೇ. ಮುಲುಂಡ್‌ನಿಂದ ಹದಿಮೂರು ಕಿಲೋಮೀಟರ್ ವೃತ್ತ ಎಳೆದರೆ ಬೊರಿವಲಿ ಒಳಗೆ ಬರುತ್ತದೆ, ಆದರೆ ನಡುವೆ ಇಡೀ ನ್ಯಾಷನಲ್ ಪಾರ್ಕ್ ಇದೆ. ಟೆಂಪೊ ಘೋಡ್‌ಬಂದರ್ ಸುತ್ತಿಯೋ ಪೊವಾಯಿ ಕಡೆಯಿಂದ ಬಳಸಿಯೋ ಹೋಗಬೇಕು. ವಿಕ್ರೋಲಿಯಿಂದ ಕೋಪರ್‌ಖೈರಣೆ ನಕ್ಷೆಯಲ್ಲಿ ಎದುರುಬದುರು, ನಡುವೆ ಸಮುದ್ರದ ಖಾಡಿ; ಐರೋಲಿ ಸೇತುವೆಯನ್ನೋ ವಾಶಿ ಸೇತುವೆಯನ್ನೋ ಹಿಡಿಯದೆ ದಾರಿಯಿಲ್ಲ. ಬಿಸಿ ಸಾರು ಹೊತ್ತು ಈ ಸುತ್ತು ಹಾಕುವವರಿಗೆ ಲಾಭ ಉಳಿಯುವುದಿಲ್ಲ. ಅದರ ಬದಲು ಪಿನ್‌ಕೋಡ್ ಹಾಕಿ: ಮುಲುಂಡ್‌ನವರಾದರೆ 400080, 400081, ಪಕ್ಕದ ಭಾಂಡುಪ್‌ಗೆ 400078, ಡೊಂಬಿವಲಿಯವರಾದರೆ 421201, 421202. ನಿಮ್ಮ ಟೆಂಪೊ ಮುಕ್ಕಾಲು ಗಂಟೆಯಲ್ಲಿ ತಲುಪುವ ಪಿನ್‌ಕೋಡ್‌ಗಳಷ್ಟೇ ಸಾಕು.

ಕೀವರ್ಡ್‌ಗಳದ್ದು, ಅಂದರೆ ಜನ ಏನು ಹುಡುಕಿದಾಗ ಜಾಹೀರಾತು ಕಾಣಬೇಕೆಂದು ನಾವು ಕೊಡುವ ಪದಗಳದ್ದು, ಇನ್ನೊಂದು ಕಥೆ. ‘ಉಡುಪಿ ಹೋಟೆಲ್’ ಎಂಬುದನ್ನು, ದೂರದ ಸಂಬಂಧವಿರುವ ಹುಡುಕಾಟಕ್ಕೂ ಹೊಂದಿಸುವ ಬ್ರಾಡ್ ಮ್ಯಾಚ್‌ನಲ್ಲಿ ಬಿಟ್ಟರೆ ಉಡುಪಿ ಊರಿನಲ್ಲಿ ರೂಮು ಹುಡುಕುವವರು, ಹೋಟೆಲ್ ಕೆಲಸ ಹುಡುಕುವವರು, ಸಾಂಬಾರ್ ರೆಸಿಪಿ ಬೇಕಾದವರು ಎಲ್ಲರೂ ನಿಮ್ಮ ಜಾಹೀರಾತು ಒತ್ತಬಹುದು. ‘ಕೇಟರಿಂಗ್’ ಒಂದನ್ನೇ ಹಾಕಿದರೆ ಕೇಟರಿಂಗ್ ಕಾಲೇಜು ಹುಡುಕುವ ವಿದ್ಯಾರ್ಥಿಗಳೂ, ಪಾತ್ರೆ ಬಾಡಿಗೆ ಕೇಳುವವರೂ ಬರುತ್ತಾರೆ. ಅದಕ್ಕಿಂತ ಬಿಗಿಯಾಗಿ ಹೊಂದಿಸುವ ಫ್ರೇಸ್ ಅಥವಾ ಎಕ್ಸಾಕ್ಟ್ ಮ್ಯಾಚ್ ಬಳಸಿ, ‘ಜಾಬ್’, ‘ಸ್ಯಾಲರಿ’, ‘ರೆಸಿಪಿ’, ‘ಕಾಲೇಜ್’, ‘ಫ್ರಾಂಚೈಸಿ’, ‘ರೂಮ್’, ‘ಲಾಡ್ಜ್’ ಇವನ್ನು ನೆಗೆಟಿವ್ ಪಟ್ಟಿಗೆ, ಅಂದರೆ ಯಾವ ಪದ ಹುಡುಕಿದರೆ ಜಾಹೀರಾತು ತೋರಿಸಬಾರದೋ ಆ ಪದಗಳ ಪಟ್ಟಿಗೆ, ಸೇರಿಸಬೇಕು. ನೆಗೆಟಿವ್ ಪಟ್ಟಿ ಏಕವಚನ ಬಹುವಚನವನ್ನು ತಾನಾಗಿ ಹೊಂದಿಸಿಕೊಳ್ಳುವುದಿಲ್ಲ. ‘ಜಾಬ್’ ಹಾಕಿದವರು ‘ಜಾಬ್ಸ್’ ಕೂಡ ಹಾಕಲೇಬೇಕು. ಜನ ನಿಜವಾಗಿ ಏನು ಟೈಪ್ ಮಾಡಿ ನಿಮ್ಮಲ್ಲಿಗೆ ಬಂದರು ಎಂಬುದನ್ನು ‘ಸರ್ಚ್ ಟರ್ಮ್ಸ್’ ವರದಿ ತೋರಿಸುತ್ತದೆ. ಪ್ರತಿ ಸೋಮವಾರ ಹದಿನೈದು ನಿಮಿಷ ಅದನ್ನು ನೋಡದ ಏಜೆನ್ಸಿಗೆ ಫೀ ಕೊಡುವುದರಲ್ಲಿ ಅರ್ಥವಿಲ್ಲ. ಸರ್ಚ್ ಜಾಹೀರಾತಿನ ಜೊತೆ, ಬೇರೆ ವೆಬ್‌ಸೈಟು, ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್‌ಗೆ ಟಿಕ್ ಬಿದ್ದಿದ್ದರೆ ತೆಗೆಸಿ. ಮಕ್ಕಳು ಆಡುವ ಗೇಮ್ ಆ್ಯಪ್‌ಗಳಲ್ಲಿ ಬೆರಳು ತಪ್ಪಿ ಬಿದ್ದ ಕ್ಲಿಕ್‌ಗಳಿಗೂ ನೀವು ದುಡ್ಡು ಕೊಡುತ್ತಿರಬಹುದು.

ಏಜೆನ್ಸಿ ಕೊಡುವ ವರದಿಯಲ್ಲಿ ‘ಕನ್ವರ್ಷನ್ 140’, ಅಂದರೆ ಜಾಹೀರಾತಿನಿಂದ 140 ಫಲ ಸಿಕ್ಕಿತು, ಎಂದಿದ್ದರೆ ಹಿಗ್ಗುವ ಮೊದಲು, ಎಷ್ಟು ಸೆಕೆಂಡಿನ ಕರೆಯನ್ನು ಲೆಕ್ಕಕ್ಕೆ ಹಿಡಿದಿದ್ದೀರಿ ಎಂದು ಕೇಳಿ. ಗೂಗಲ್‌ನಲ್ಲಿ ಮೊದಲಿಗೆ ಇರುವುದು 60 ಸೆಕೆಂಡ್. ಅದನ್ನು ಕೆಲವೇ ಸೆಕೆಂಡಿಗೆ ಇಳಿಸಿದರೆ ರಾಂಗ್ ನಂಬರು ಕೂಡ ಕನ್ವರ್ಷನ್ ಆಗುತ್ತದೆ. ಪೋಸ್ಟನ್ನು ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸುವ ಫೇಸ್‌ಬುಕ್‌ನ ‘ಬೂಸ್ಟ್’ ಗುಂಡಿಯೂ ಇಂಥದ್ದೇ. ಲೈಕ್, ಕಮೆಂಟ್ ಗುರಿಯಾಗಿಟ್ಟು ಬೂಸ್ಟ್ ಮಾಡಿದರೆ ಲೈಕ್ ಒತ್ತುವ ಅಭ್ಯಾಸವಿರುವವರನ್ನು ಹುಡುಕಿ ಅದು ಜಾಹೀರಾತು ತೋರಿಸುತ್ತದೆ, ಅವರಿಗೆ ಊಟ ಬೇಕೋ ಬೇಡವೋ. ಆರ್ಡರ್ ಬೇಕಾದವರು ಫೇಸ್‌ಬುಕ್‌ನ ಆ್ಯಡ್ಸ್ ಮ್ಯಾನೇಜರ್‌ಗೆ ಹೋಗಿ, ನೇರ ವಾಟ್ಸ್ಆ್ಯಪ್ ಸಂದೇಶಕ್ಕೆ ಕರೆತರುವ ಜಾಹೀರಾತು ಹಾಕಬೇಕು. ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್‌ಗೆ ದುಡ್ಡಿಲ್ಲ. ದರಪಟ್ಟಿಯನ್ನು ಕ್ವಿಕ್ ರಿಪ್ಲೈ ಆಗಿ ಉಳಿಸಿಟ್ಟರೆ ಹುಡುಗ ಪ್ರತಿಸಲ ಟೈಪ್ ಮಾಡಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಯಾರೂ ಸಡಿಲ ಬಿಡಬಾರದು. ಗೂಗಲ್ ಆ್ಯಡ್ಸ್ ಖಾತೆ, ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ನಕ್ಷೆಯಲ್ಲಿ ಕಾಣುವ ನಿಮ್ಮ ಹೋಟೆಲಿನ ವಿವರ), ಫೇಸ್‌ಬುಕ್ ಪುಟ, ವೆಬ್‌ಸೈಟಿನ ಡೊಮೇನ್ (ಅದರ ವಿಳಾಸದ ಹೆಸರು) ಈ ನಾಲ್ಕೂ ಮಾಲೀಕರ ಇಮೇಲಿನಲ್ಲೇ ಇರಬೇಕು. ಏಜೆನ್ಸಿಯವರು ತಮ್ಮ ಮ್ಯಾನೇಜರ್ ಖಾತೆಯಿಂದ ಜೋಡಿಸಿಕೊಂಡು ಕೆಲಸ ಮಾಡಲಿ. ಪ್ರೊಫೈಲ್‌ನಲ್ಲಿ ನೀವು ‘ಪ್ರೈಮರಿ ಓನರ್’, ಅವರು ‘ಮ್ಯಾನೇಜರ್’. ಖಾತೆ ಅವರ ಹೆಸರಿನಲ್ಲಿದ್ದರೆ, ಬಿಟ್ಟುಹೋಗುವ ದಿನ ವರ್ಷಗಳ ಜಾಹೀರಾತಿನ ಇತಿಹಾಸವೂ ಅವರ ಜೊತೆ ಹೋಗುತ್ತದೆ. ಯಾರಿಗೆ ಜಾಹೀರಾತು ತೋರಿಸಬೇಕೆಂಬುದನ್ನು ಹೊಸ ಖಾತೆ ಸೊನ್ನೆಯಿಂದ ಕಲಿಯಬೇಕು. ಪ್ರೊಫೈಲ್‌ಗೆ ಹೊಸದಾಗಿ ಸೇರಿಸಿದ ಓನರ್‌ಗೆ 7 ದಿನ ಕಳೆಯುವವರೆಗೆ ಬೇರೆಯವರನ್ನು ತೆಗೆಯುವ ಅಧಿಕಾರ ಸಿಗುವುದಿಲ್ಲ. ಆದ್ದರಿಂದ ಜಗಳ ಆದಮೇಲೆ ಪಾಸ್‌ವರ್ಡ್ ಕೇಳುವ ಬದಲು ಸ್ನೇಹ ಇರುವಾಗಲೇ ಇದನ್ನು ಸರಿಮಾಡಿಕೊಳ್ಳಿ. ಗೂಗಲ್‌ನ ಬಿಲ್ ನಿಮ್ಮ ಹೆಸರು, ನಿಮ್ಮ ಜಿಎಸ್‌ಟಿ ನಂಬರಿನಲ್ಲಿ ನೇರವಾಗಿ ಬರಲಿ. ಜಾಹೀರಾತಿನ ಖರ್ಚನ್ನೂ ತಮ್ಮ ಫೀಯನ್ನೂ ಒಂದೇ ಮೊತ್ತ ಮಾಡಿ ಕೇಳುವವರ ಲೆಕ್ಕ ಪರೀಕ್ಷಿಸಲು ನಿಮಗೆ ದಾರಿಯೇ ಇರುವುದಿಲ್ಲ.

ಬಿಸಿನೆಸ್ ಪ್ರೊಫೈಲ್ ಉಚಿತ, ಜಾಹೀರಾತಿಗಿಂತ ಮೊದಲು ಸರಿಮಾಡಬೇಕಾದ್ದೂ ಅದೇ. ವರ್ಗ ‘ಸೌತ್ ಇಂಡಿಯನ್ ರೆಸ್ಟೋರೆಂಟ್’ ಎಂದಿರಲಿ. ‘ಹೋಟೆಲ್’ ಎಂದು ಹಾಕಿದರೆ ಗೂಗಲ್ ವಸತಿಗೃಹಗಳ ಸಾಲಿಗೆ ಸೇರಿಸುತ್ತದೆ. ಹಬ್ಬದ ರಜೆಯ ವೇಳೆಯನ್ನು ‘ಸ್ಪೆಷಲ್ ಅವರ್ಸ್’ನಲ್ಲಿ ಹಾಕಿ, ಹಳೆಯ ದರದ ಮೆನು ಫೋಟೊ ತೆಗೆದುಹಾಕಿ. ಐದು ನಕ್ಷತ್ರ ಕೊಟ್ಟರೆ ಕಾಫಿ ಉಚಿತ ಎಂದು ಮೇಜಿನ ಮೇಲೆ ಚೀಟಿ ಇಡುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ದರ ಏರಿಸಿ ‘50% ರಿಯಾಯಿತಿ’ ಎನ್ನುವುದು ಇನ್ನೂ ದೊಡ್ಡ ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ದುಡ್ಡು ಕಟ್ಟದಿದ್ದರೆ ನಿಮ್ಮ ಹೋಟೆಲು ನಕ್ಷೆಯಿಂದ ಹೋಗುತ್ತದೆ’ ಎಂಬ ಕರೆ ಮೋಸದ್ದು. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಸಂಘಗಳಿಗೆ ಸಭಾಂಗಣಗಳಿವೆ. ಯಕ್ಷಗಾನ, ತಾಳಮದ್ದಳೆ, ಸನ್ಮಾನಗಳ ನಡುವೆ ಒಂದು ಮಂಗಳವಾರದ ಮಧ್ಯಾಹ್ನ ಮೂರರಿಂದ ಐದರ ಬಿಡುವನ್ನು ಇದಕ್ಕೆ ಕೊಡಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಪದಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ಮಾಲೀಕರು ಒಬ್ಬರೇ ಬರುವುದು ಬೇಡ, ಫೋನ್ ಎತ್ತುವ ಹುಡುಗನನ್ನೂ ಕರೆತರಲಿ. ಕಳೆದ ತಿಂಗಳ ಸರ್ಚ್ ಟರ್ಮ್ಸ್ ವರದಿ, ಗೂಗಲ್‌ನ ಬಿಲ್ಲು, ಫೋನಿನ ಮಿಸ್ಡ್ ಕಾಲ್ ಪಟ್ಟಿ ಈ ಮೂರನ್ನು ಜೊತೆಗೆ ತಂದರೆ ಸಾಕು, ಯಾರ ದುಡ್ಡು ಎಲ್ಲಿ ಹೋಗುತ್ತಿದೆ ಎಂಬುದನ್ನು ಅಲ್ಲೇ ಕೂತು ಲೆಕ್ಕ ಹಾಕಬಹುದು.

ಇತಿ,
ಜಾಹೀರಾತು ಕ್ಷೇತ್ರದ ಒಬ್ಬ ಓದುಗ
ಡೊಂಬಿವಲಿ ಪೂರ್ವ